ಹಣೆಗೆ ಬೂದಿ ಯಾಕೆ ಅಂತ ಕೇಳಿದರೆ...

‘ಮಿಸ್, ಇವಳ ಹಣೆಗೆ ಮಸಿ ಮೆತ್ಕೊಂಡಿದೆ!’ ಬೂದಿ ಬುಧವಾರದ ಬೆಳಗ್ಗೆ ಚರ್ಚಿನಿಂದ ನೇರ ಶಾಲೆಗೆ ಹೋದ ಮಗು ಕೇಳಿಸಿಕೊಳ್ಳುವ ಮೊದಲ ಮಾತು ಇದು. ಇಡೀ ತರಗತಿ ಕಿಸಕ್ಕನೆ ನಗುತ್ತದೆ. ಮಗು ಕರ್ಚೀಫು ತೆಗೆದು ಒರೆಸಿಕೊಳ್ಳುತ್ತದೆ. ಸಂಜೆ ನೀವು ಕೇಳಿದರೆ ‘ಬೆವರಿಗೆ ಹೋಯ್ತಮ್ಮ’ ಎನ್ನುವ ಉತ್ತರ.

ಕ್ರೈಸ್ತರ ಮಕ್ಕಳೆಲ್ಲ ಕಾನ್ವೆಂಟಿಗೇ ಹೋಗುತ್ತಾರೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಎಲ್ಲಿ ಸ್ವಾಮಿ! ಮನೆಗೆ ಹತ್ತಿರ, ಫೀಸು ಕಡಿಮೆ, ಸೀಟು ಸಿಕ್ಕಿದ್ದೇ ಅಲ್ಲಿ ಎಂದು ನಮ್ಮಲ್ಲಿ ಅನೇಕರು ಮಕ್ಕಳನ್ನು ಪಕ್ಕದ ರಸ್ತೆಯ ಶಾಲೆಗೇ ಸೇರಿಸುತ್ತೇವೆ. ಅಲ್ಲಿ ತರಗತಿಗೆ ನಮ್ಮ ಮಗು ಒಂದೇ. ‘ನೀನ್ಯಾಕೆ ಕುಂಕುಮ ಇಡಲ್ಲ?’, ‘ನಿಮ್ಮ ಹೆಸರು ಯಾಕೆ ಹಾಗೆ?’, ‘ನೀವು ಮೊದಲು ಏನಾಗಿದ್ರಿ?’ ಎಂಬ ಪ್ರಶ್ನೆಗಳಿಗೆಲ್ಲ ಅದೇ ಉತ್ತರ ಕೊಡಬೇಕು.

ನಿಮ್ಮ ಮಗುವಿಗೆ ನಂಬಿಕೆ ಕಡಿಮೆಯಾಗಿದೆ ಎಂದು ಗಾಬರಿಯಾಗಬೇಡಿ. ಅದಕ್ಕೆ ಕಡಿಮೆಯಾಗಿರುವುದು ಮಾತು. ಧರ್ಮೋಪದೇಶದ ತರಗತಿಯಲ್ಲೋ ಸಂಡೇ ಸ್ಕೂಲಿನಲ್ಲೋ ಪ್ರಾರ್ಥನೆ ಬಾಯಿಪಾಠ ಮಾಡಿಸಿರುತ್ತಾರೆ. ಪಕ್ಕದ ಬೆಂಚಿನ ಗೆಳತಿಗೆ ಏನು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಅದು ಮನೆಯಲ್ಲೇ ಆಗಬೇಕು. ಅವರೆಕಾಳು ಬಿಡಿಸುತ್ತಾ ಕೂತಾಗ ನೀವೇ ಗೆಳತಿಯಾಗಿ ‘ಏನೇ ಅದು ಹಣೆ ಮೇಲೆ?’ ಎಂದು ಕೇಳಿ. ‘ಇವತ್ತಿಂದ ನಮ್ಮ ಉಪವಾಸದ ಕಾಲ. ಮನುಷ್ಯ ಮಣ್ಣಿಂದ ಬಂದು ಮಣ್ಣಿಗೇ ಹೋಗೋನು ಅಂತ ನೆನಪಿಸೋಕೆ ಫಾದರ್ ಬೂದಿ ಹಚ್ಚಿದ್ರು’ – ಎರಡೇ ವಾಕ್ಯ, ಸಾಕು. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಮನೆಗೆ ತಂದ ಗರಿಗಳನ್ನೇ ಸುಟ್ಟು ಆ ಬೂದಿ ಮಾಡುತ್ತಾರೆ ಎಂಬುದನ್ನೂ ಹೇಳಿಕೊಡಿ. ಮಕ್ಕಳಿಗೆ ಇಂಥ ವಿವರವೆಂದರೆ ಪ್ರಾಣ. ನಕ್ಕವರೇ ‘ಹೌದಾ?’ ಎಂದು ಹತ್ತಿರ ಬರುತ್ತಾರೆ.

ಎಲ್ಲದಕ್ಕೂ ಉತ್ತರ ಬರಲೇಬೇಕು ಎಂದೇನಿಲ್ಲ. ‘ನಂಗೊತ್ತಿಲ್ಲ, ಅಮ್ಮನ್ನ ಕೇಳಿ ನಾಳೆ ಹೇಳ್ತೀನಿ’ ಎಂದು ತಲೆ ತಗ್ಗಿಸದೆ ಹೇಳುವುದನ್ನು ಕಲಿಸಿ. ಕೆಲವು ಮನೆಗಳಲ್ಲಿ ಮಗುವನ್ನೇ ಪುಟ್ಟ ಬೋಧಕನನ್ನಾಗಿ ಮಾಡಿ ಕಳಿಸುತ್ತಾರೆ. ನನಗಂತೂ ಅದು ಸರಿಕಾಣುವುದಿಲ್ಲ. ಎಂಟು ವರ್ಷದ ಕೂಸು ಶಾಲೆಗೆ ಹೋಗುವುದು ಮಗ್ಗಿ ಕಲಿಯುವುದಕ್ಕೆ, ವಾದ ಗೆಲ್ಲುವುದಕ್ಕಲ್ಲ. ಹಾಗೆಯೇ ಬೀದಿಯಲ್ಲಿ ಗಣೇಶನ ಮೆರವಣಿಗೆ ಹೋಗುವಾಗ ನೀವು ಕಿಟಕಿ ಹಾಕುತ್ತಾ ಏನಾದರೂ ಗೊಣಗಿದರೆ, ನಾಳೆ ಅದೇ ಮಾತು ನಿಮ್ಮ ಮಗುವಿನ ಬಾಯಲ್ಲಿ ತರಗತಿಯಲ್ಲಿ ಉದುರುತ್ತದೆ. ಆಮೇಲೆ ಅದು ಒಂಟಿಯಾದರೆ ಯಾರನ್ನು ದೂರುತ್ತೀರಿ?

ಹೆಚ್ಚು ನೋಯಿಸುವ ಮಾತು ‘ನೀವು ಹೊರಗಿನವರು’ ಎನ್ನುವುದು. ಮಕ್ಕಳು ಇದನ್ನು ದೊಡ್ಡವರಿಂದ ಕೇಳಿ ಹೇಳುತ್ತಾರೆ, ಅರ್ಥ ಗೊತ್ತಿರುವುದಿಲ್ಲ. ಆದರೆ ಕೇಳಿಸಿಕೊಂಡ ಮಗು ರಾತ್ರಿ ನಿದ್ದೆ ಮಾಡುವುದಿಲ್ಲ. ಆಗ ನಾವು ಥಟ್ಟನೆ ಕಿಟೆಲ್ ಹೆಸರು ಹೇಳುತ್ತೇವೆ, 1894ರಲ್ಲಿ ಪ್ರಕಟವಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನ ಬಗ್ಗೆ ಹೇಳುತ್ತೇವೆ. ಒಳ್ಳೆಯದೇ. ಆದರೆ ‘ಅವರು ಜರ್ಮನಿಯವರಲ್ವಾ?’ ಎಂದು ಕೇಳುವ ಚೂಟಿ ಮಕ್ಕಳೂ ಇದ್ದಾರಲ್ಲ! ಅದಕ್ಕಿಂತ ನಾ. ಡಿಸೋಜರ ಬಗ್ಗೆ ಹೇಳಿ. ಸಾಗರದವರು, ಅಪ್ಪಟ ಮಲೆನಾಡಿಗರು. ಶರಾವತಿ ಅಣೆಕಟ್ಟಿನಲ್ಲಿ ಮುಳುಗಿದ ಊರುಗಳ ಕಥೆ ಬರೆದವರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2025ರ ಜನವರಿಯಲ್ಲಿ ತೀರಿಕೊಂಡರು. ಮಕ್ಕಳಿಗಾಗಿಯೂ ಬರೆದಿದ್ದಾರೆ, ಒಂದು ಪುಸ್ತಕ ತಂದು ಕೈಗೆ ಕೊಡಿ.

ಹಬ್ಬಗಳೂ ನೆರವಿಗೆ ಬರುತ್ತವೆ. ಮಂಗಳೂರು ಕಡೆಯವರಾದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಒಂಬತ್ತು ದಿನ ಮಾತೆ ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ, ಹೊಸ ತೆನೆ ಮನೆಗೆ ಬರುತ್ತದೆ. ‘ನಮ್ಮಜ್ಜಿ ಮನೇಲೂ ಹೊಸ ತೆನೆ ತರ್ತಾರೆ’ ಎನ್ನುವ ಗೆಳೆಯ ಸಿಕ್ಕೇ ಸಿಗುತ್ತಾನೆ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಅದೇ ದಿನ ತೇರು. ಅಲ್ಲಿಗೆ ಎಲ್ಲ ಜಾತಿ, ಮತದವರೂ ಬರುತ್ತಾರೆ. ಕ್ರಿಸ್‌ಮಸ್‌ಗೆ ಡಬ್ಬಿಯಲ್ಲಿ ನಾಲ್ಕು ಕುಸ್ವಾರ್ ಹೆಚ್ಚೇ ಹಾಕಿ ಕಳಿಸಿ.

ಇನ್ನು ಶಾಲೆಯ ಸರಸ್ವತಿ ಪೂಜೆ, ಆಯುಧ ಪೂಜೆ. ಆರತಿ ತಟ್ಟೆ ಎದುರಿಗೆ ಬಂದಾಗ ಮಗುವೇ ನಿರ್ಧರಿಸಲಿ ಎಂದು ಬಿಡುವುದು ಅನ್ಯಾಯ. ಸುಮ್ಮನೆ ಕೈಕಟ್ಟಿ ಗೌರವದಿಂದ ನಿಲ್ಲಬೇಕೋ, ಪ್ರಸಾದ ತೆಗೆದುಕೊಳ್ಳಬೇಕೋ ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿ. ಒಂದೊಂದು ಮನೆಯಲ್ಲಿ ಒಂದೊಂದು ರೀತಿ, ಅದರಲ್ಲಿ ತಪ್ಪೇನಿಲ್ಲ. ನಿಮ್ಮ ತೀರ್ಮಾನವನ್ನು ಜೂನ್‌ನಲ್ಲೇ ಕ್ಲಾಸ್ ಟೀಚರಿಗೆ ನಗುನಗುತ್ತಾ ತಿಳಿಸಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆ, ಪೂಜೆಗಳಲ್ಲಿ ಪಾಲ್ಗೊಳ್ಳಲೇಬೇಕೆಂದು ಹೇಳುವಂತಿಲ್ಲ. ಸಂವಿಧಾನದ 28ನೇ ವಿಧಿಯಲ್ಲಿ ಇದೆ. ಕಾನ್ವೆಂಟಿಗೆ ಹೋಗುವ ಹಿಂದೂ, ಮುಸ್ಲಿಂ ಮಕ್ಕಳಿಗೂ ಅದೇ ಹಕ್ಕು, ಅದೂ ನೆನಪಿರಲಿ. ಆದರೆ ಮೊದಲ ದಿನವೇ ಸಂವಿಧಾನ ಹಿಡಿದುಕೊಂಡು ಹೋಗಬೇಡಿ. ಬಹುಪಾಲು ಟೀಚರುಗಳು ಒಂದು ಮಾತಿಗೆ ಅರ್ಥಮಾಡಿಕೊಳ್ಳುತ್ತಾರೆ.

ತಮಾಷೆ ಬೇರೆ, ಕಾಟ ಬೇರೆ. ದಿನವೂ ಅದೇ ಹುಡುಗರು ಅದೇ ಮಾತಿನಿಂದ ಚುಚ್ಚುತ್ತಿದ್ದರೆ, ಯಾವ ದಿನ, ಯಾರು, ಏನಂದರು ಎಂದು ಬರೆದಿಟ್ಟುಕೊಂಡು ಮುಖ್ಯೋಪಾಧ್ಯಾಯರನ್ನು ಕಾಣಿ. ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾತ್ರ ಬೇಡ.

ಎಂಟನೇ ತರಗತಿ ದಾಟಿದವರದು ಇನ್ನೊಂದು ಕಥೆ. ಕೊರಳಿನ ಶಿಲುಬೆಯ ಸರವನ್ನು ಅಂಗಿಯೊಳಗೆ ತಳ್ಳಿಕೊಂಡು ಹೋಗುತ್ತಾರೆ. ‘ಯಾಕೋ, ನಾಚಿಕೆನಾ?’ ಎಂದು ಎಳೆದು ಹೊರಗೆ ಹಾಕಬೇಡಿ. ಸರ ಒಳಗೇ ಇರಲಿ. ರಾತ್ರಿ ಊಟಕ್ಕೆ ಕೂತಾಗ ಟಿವಿ ಆರಿಸಿ, ‘ಇವತ್ತು ಶಾಲೇಲಿ ಯಾರು ಏನಂದ್ರು?’ ಎಂದು ಕೇಳಿ. ಒಂದು ವಾರ ‘ಏನಿಲ್ಲ’ ಎನ್ನುತ್ತಾನೆ. ಎಂಟನೇ ದಿನ ಹೇಳುತ್ತಾನೆ.