ಮುಪ್ಪನ್ನು ಹೊತ್ತ ಮಗ: ಯಯಾತಿಯ ಕಥೆಯೂ ‘ಹನಿ ಬಾಯ್’ ಚಿತ್ರವೂ

ಕೊಡವ ಭಾಷೆಯ ನಾಟಕ ಸಾಹಿತ್ಯಕ್ಕೆ ತಳಹದಿ ಹಾಕಿದ ಹರದಾಸ ಅಪ್ಪಚ್ಚ ಕವಿಗಳು 1906ರಲ್ಲಿ ಯಯಾತಿಯ ಕಥೆಯನ್ನು ನಾಟಕಕ್ಕೆ ಆರಿಸಿಕೊಂಡರು. ಶುಕ್ರಾಚಾರ್ಯರ ಶಾಪದಿಂದ ಅಕಾಲವೃದ್ಧನಾದ ಅರಸನು ಮಕ್ಕಳಲ್ಲಿ ಯೌವನವನ್ನು ಬೇಡುತ್ತಾನೆ. ಹಿರಿಯರು ಒಪ್ಪದಿರಲು, ಕಿರಿಯನಾದ ಪೂರುವು ತಂದೆಯ ಮುಪ್ಪನ್ನು ಹೊರುತ್ತಾನೆ. ಇದೇ ಕಥೆಯನ್ನು ಗಿರೀಶ ಕಾರ್ನಾಡರು ‘ಯಯಾತಿ’ (1961) ನಾಟಕವಾಗಿಸಿದರು. ವಿದೇಶಕ್ಕೆ ಹೊರಟ ತಮಗೂ ಹೆತ್ತವರಿಗೂ ನಡುವೆ ಉಂಟಾದ ಬಿಗುಪು ಅದರಲ್ಲಿ ಮೂಡಿತೆಂದು ಅವರೇ ಹೇಳಿದ್ದುಂಟು. ಪುರಾಣವು ಆತ್ಮಕಥನಕ್ಕೆ ಮುಸುಕಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಅಮೆರಿಕದ ‘ಹನಿ ಬಾಯ್’ (2019) ಚಿತ್ರವನ್ನು ಈ ಹಿನ್ನೆಲೆಯಲ್ಲಿ ನೋಡುವುದು ಉಪಯುಕ್ತ. ಬಾಲ್ಯದಿಂದಲೇ ನಟರಾದ ಶಯಾ ಲಬಫ್ ಅವರು ವ್ಯಸನಮುಕ್ತಿ ಚಿಕಿತ್ಸೆಯ ಕಾಲದಲ್ಲಿ ಬರೆದ ನೆನಪುಗಳೇ ಇದರ ಮೂಲ. ನಿರ್ದೇಶಕಿ ಅಲ್ಮಾ ಹರೇಲ್. ಹನ್ನೆರಡು ವರ್ಷದ ಬಾಲನಟ ಓಟಿಸ್ ತಂದೆ ಜೇಮ್ಸನೊಡನೆ ಬಡ ವಸತಿಗೃಹವೊಂದರಲ್ಲಿ ವಾಸಿಸುತ್ತಾನೆ. ಹಿಂದೆ ವಿದೂಷಕನಾಗಿದ್ದ ತಂದೆಯು ಈಗ ಮಗನ ಕಾವಲಿಗನಾಗಿ ಮಗನಿಂದಲೇ ಸಂಬಳ ಪಡೆಯುತ್ತಾನೆ. ದುಡಿಯುವವನು ಮಗು, ಆಳುವವನು ತಂದೆ. ಇಬ್ಬರಿಗೂ ಇದು ಅವಮಾನಕರ. ತಂದೆಯ ಅಸೂಯೆ, ಬೈಗುಳ, ಹೊಡೆತಗಳ ಬೇರು ಈ ವಿಪರ್ಯಾಸದಲ್ಲಿದೆ. ಪೂರುವನ್ನು ಕೇಳಿ ಯೌವನವನ್ನು ಪಡೆಯಲಾಯಿತು. ಓಟಿಸನನ್ನು ಯಾರೂ ಕೇಳಲಿಲ್ಲ.

ಚಿತ್ರದ ವಿಶೇಷವು ಪಾತ್ರಹಂಚಿಕೆಯಲ್ಲಿದೆ. ಬಾಲಕ ಓಟಿಸನಾಗಿ ನೋವಾ ಜೂಪ್, ತರುಣ ಓಟಿಸನಾಗಿ ಲ್ಯೂಕಸ್ ಹೆಜಸ್ ಅಭಿನಯಿಸಿದ್ದಾರೆ. ತಂದೆಯ ಪಾತ್ರವನ್ನು ಲಬಫ್ ಅವರೇ ಧರಿಸಿದ್ದಾರೆ. ಪೂರುವಿನಂತೆ ಮಗನು ತಂದೆಯ ಮುಪ್ಪನ್ನು ಮೈಮೇಲೆ ಹೊತ್ತಿದ್ದಾನೆ. ತನ್ನನ್ನು ನೋಯಿಸಿದವನ ಮಾತನ್ನು ತನ್ನ ಬಾಯಿಂದಲೇ ಆಡುವಾಗ, ಆ ನೋವಿನ ಹಿಂದಿನ ಸೋಲೂ ನಟನಿಗೆ ತಿಳಿಯಬೇಕಾಗುತ್ತದೆ. ಆದುದರಿಂದಲೇ ಜೇಮ್ಸನು ಕೇವಲ ಖಳನಾಗಿ ಉಳಿಯುವುದಿಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಮಗನು ತಂದೆಯ ವೇಷ ಧರಿಸಿದಾಗ ತಂದೆಯ ಮಾತೂ ಮಗನ ಕೈಸೇರುತ್ತದೆ. 2022ರಲ್ಲಿ ಲಬಫ್ ಅವರು, ತಮ್ಮ ತಂದೆ ಪ್ರೀತಿಯುಳ್ಳವರೇ ಆಗಿದ್ದರೆಂದೂ ಚಿತ್ರದಲ್ಲಿ ಅವರಿಗೆ ಅನ್ಯಾಯವಾಯಿತೆಂದೂ ಬಹಿರಂಗವಾಗಿ ಹೇಳಿದರು. ಅದರಿಂದ ಚಿತ್ರದ ಬೆಲೆ ಕುಂದುವುದೇ? ಕಲಾಕೃತಿಯಾಗಿ ಕುಂದದು, ಸಾಕ್ಷ್ಯವಾಗಿ ಅವಶ್ಯವಾಗಿ ಕುಂದುವುದು. ಅರ್ಧ ಆತ್ಮಕಥನವಾದ ಕೃತಿಯನ್ನು ಓದುವ ವಿದ್ಯಾರ್ಥಿಯು ಈ ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು. ಮಹಾಭಾರತದಲ್ಲಿ ಯಯಾತಿಯು ಕೊನೆಗೆ ಯೌವನವನ್ನು ಮಗನಿಗೆ ಹಿಂದಿರುಗಿಸಿದನು. ಬಾಲ್ಯವನ್ನು ಹಾಗೆ ಹಿಂದಿರುಗಿಸಲು ಬಾರದು. ತಂದೆಯಿಂದ ತೆಗೆದುಕೊಂಡ ಮಾತನ್ನಾದರೂ ಮಗನು ಹಿಂದಿರುಗಿಸಬಲ್ಲನು.