6 ಡಿಗ್ರಿ ವಾಲಿದ ನೆಲ, ಚಂದ್ರನ ಮಂಜುಗಡ್ಡೆ

ಮೊದಲು ಒಂದು ತಪ್ಪೊಪ್ಪಿಗೆ. ಹಳೇ ಎಪಿಸೋಡ್ ಒಂದರಲ್ಲಿ, ಚಂದ್ರನ ಮೇಲೆ ಮಂಜುಗಡ್ಡೆ ಇರೋದು ಬಿಸಿಲೇ ಬೀಳದ ಧ್ರುವದ ಕುಳಿಗಳಲ್ಲಿ ಮಾತ್ರ ಅಂತ ಭಾಳ ಧೈರ್ಯದಿಂದ ಹೇಳಿದ್ದೆ. ಬಿ.ಕಾಂ. ಓದಿದವನ ಧೈರ್ಯ ಅದು. ಆ ‘ಮಾತ್ರ’ವನ್ನ ಇವತ್ತು ವಾಪಸ್ ತಗೋತೀನಿ.

2023ರ ಆಗಸ್ಟ್ 23ರಂದು ವಿಕ್ರಮ್ ಇಳಿದಾಗ ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದ ಚಪ್ಪಾಳೆಯನ್ನ ನಾವೆಲ್ಲ ಮೊಬೈಲ್‌ನಲ್ಲಿ ನೋಡಿದ್ವಿ. ಅದರ ಜೊತೆ ಹೋಗಿದ್ದ ‘ಚಾಸ್ಟೆ’ ಉಪಕರಣದ ಸುದ್ದಿ ಅಷ್ಟು ಓಡಲಿಲ್ಲ. ಮಣ್ಣಿನೊಳಗೆ ಇಳಿದು ಬಿಸಿ ಅಳೆಯೋ, ಹತ್ತು ಸೆನ್ಸರ್‌ಗಳ ಒಂದು ಕೋಲು ಅದು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು 2025ರಲ್ಲಿ ಅದರ ಅಂಕಿಗಳನ್ನ ವಿವರಿಸಿದರು. ಸೂರ್ಯನ ಕಡೆ ಬರೀ 6 ಡಿಗ್ರಿ ವಾಲಿದ್ದ ಜಾಗದಲ್ಲಿ ನೆಲದ ಬಿಸಿ 82 ಡಿಗ್ರಿ ಸೆಲ್ಸಿಯಸ್. ಸುಮಾರು ಒಂದು ಮೀಟರ್ ಆಚೆಯ ಸಮತಟ್ಟು ನೆಲದಲ್ಲಿ 59.

ಒಂದೇ ಮೀಟರ್, ನೋಡ್ರಿ! ನಮ್ಮನಿ ಕಟ್ಟೆ ಅದಕ್ಕಿಂತ ಉದ್ದ ಐತಿ.

ಡಿಸೆಂಬರ್‌ನಲ್ಲಿ ಧಾರವಾಡದ ಸೂರ್ಯ ದಕ್ಷಿಣಕ್ಕೆ ಸರಿದಿರ್ತಾನ. ಅವ್ವ ಕಾಳಿನ ಮೊರವನ್ನ ಆ ಕಡೆ ಸ್ವಲ್ಪ ಓರೆ ಮಾಡಿ ಇಡ್ತಾಳ. ಮನಿಯ ಉತ್ತರದ ಗೋಡೆ ಮಾತ್ರ ಮಧ್ಯಾಹ್ನಕ್ಕೂ ತಣ್ಣಗೆ. ವಿಕ್ರಮ್ ಇಳಿದದ್ದು ಚಂದ್ರನ 69 ಡಿಗ್ರಿ ದಕ್ಷಿಣದಲ್ಲಿ. ಅಲ್ಲಿ ನಡುಹಗಲಿಗೂ ಸೂರ್ಯ ದಿಗಂತದಿಂದ ಮೇಲೇರೋದು ಸುಮಾರು 21 ಡಿಗ್ರಿ ಅಷ್ಟೇ. ನೆಲ 6 ಡಿಗ್ರಿ ಅವನ ಕಡೆ ತಿರುಗಿದರ ಕಾಲುಭಾಗ ಹೆಚ್ಚು ಬೆಳಕು. 14 ಡಿಗ್ರಿ ಬೆನ್ನು ತಿರುಗಿಸಿದರ ಮೂರರಲ್ಲಿ ಒಂದು ಪಾಲು ಉಳೀತದ. (ಇದು ನನ್ನ ಕ್ಯಾಲ್ಕುಲೇಟರ್ ಲೆಕ್ಕ.) ಬಿಸಿ ಹಂಚೋಕೆ ಗಾಳಿ ಇಲ್ಲ, ಮಣ್ಣೂ ಶಾಖವನ್ನ ಒಳಗೆ ಬಿಡಲ್ಲ. ಇಸ್ರೋ ಮೊದಲು ಕೊಟ್ಟ ಗ್ರಾಫ್‌ನಲ್ಲಿ 8 ಸೆಂಟಿಮೀಟರ್ ಆಳಕ್ಕೇ ಮೈನಸ್ 10 ಇತ್ತು.

ಹಿಂಗಾಗಿ ಆ ತಂಡದ ಅಂದಾಜು ಏನಂದ್ರ, ಇಂಥ ಎತ್ತರದ ಅಕ್ಷಾಂಶಗಳಲ್ಲಿ ಧ್ರುವದ ಕಡೆ ಮುಖ ಮಾಡಿ 14 ಡಿಗ್ರಿಗಿಂತ ಹೆಚ್ಚು ವಾಲಿರೋ ಇಳಿಜಾರುಗಳ ಕೆಳಗೂ, ಹೆಚ್ಚು ಆಳವಿಲ್ಲದೆ, ಮಂಜುಗಡ್ಡೆ ಉಳಿದಿರಬಹುದು. ಚಾಸ್ಟೆಗೆ ಮಂಜುಗಡ್ಡೆ ಸಿಕ್ತು ಅಂತ ವಾಟ್ಸಾಪ್‌ನಲ್ಲಿ ಬಂದ್ರ ನಂಬಬ್ಯಾಡ್ರಿ. ಸಿಕ್ಕಿಲ್ಲ.

ಮಂಗಳದಲ್ಲಿ ಸಿಕ್ಕಿದ್ದು ಖರೆ. 2008ರಲ್ಲಿ ನಾಸಾದ ಫೀನಿಕ್ಸ್ ಬರೀ ಐದಾರು ಸೆಂಟಿಮೀಟರ್ ಕೆರೆದಾಗ ಬಿಳಿ ಮಂಜುಗಡ್ಡೆ ಕಂಡಿತ್ತು. ಅಲ್ಲೂ ಧ್ರುವದ ಕಡೆಯ ಇಳಿಜಾರಲ್ಲಿ ಅದು ನೆಲಕ್ಕೆ ಹತ್ತಿರ ಉಳೀತದ.

ಕತ್ತಲ ಕುಳಿಯೊಳಗೆ ಸೋಲಾರ್ ಪ್ಯಾನಲ್ ನಡೆಯಲ್ಲ. ಈ ಇಳಿಜಾರುಗಳ ಪಕ್ಕದಲ್ಲೇ ಬಿಸಿಲು ಐತಿ. ತೊಂದರೆ ಒಂದೇ: ಲ್ಯಾಂಡರ್ ಇಳಿಸೋರು ಹುಡುಕೋದು ಸಮತಟ್ಟು ನೆಲ.

ಹಳೇ ಎಪಿಸೋಡ್ ಅಳಿಸಿಲ್ಲ. ಅದರ ವಿವರಣೆಯಲ್ಲಿ ತಿದ್ದುಪಡಿ ಹಾಕೀನಿ.