ಜಾಲತಾಣದಲ್ಲಿ ದೊರೆಯದ ಉತ್ತರಗಳು: ಮಾಹಿತಿಯ ಕೊರತೆಯನ್ನು ಗುರುತಿಸಿ ತುಂಬುವ ಬಗೆ

ನಮ್ಮ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರಲ್ಲಿ ಅನೇಕರು ಇಂದು ಸ್ವಂತ ಜಾಲತಾಣವನ್ನು ಹೊಂದಿದ್ದಾರೆ. ಮುಖಪುಟದಲ್ಲಿ ಸಂಸ್ಥೆಯ ಹೆಸರು, ಸ್ಥಾಪಕರ ಭಾವಚಿತ್ರ, 'ಗುಣಮಟ್ಟವೇ ನಮ್ಮ ಧ್ಯೇಯ' ಎಂಬ ಘೋಷವಾಕ್ಯ, ಕೊನೆಯಲ್ಲಿ ಒಂದು ದೂರವಾಣಿ ಸಂಖ್ಯೆ. ಇಷ್ಟಿದ್ದರೂ ವಿಚಾರಣೆಗಳು ಬರುತ್ತಿಲ್ಲವೆಂಬ ದೂರು ಸಾಮಾನ್ಯ. ಅಂಗಡಿಗೆ ಬಂದು ಬರಿಗೈಯಲ್ಲಿ ಹಿಂದಿರುಗುವ ಗಿರಾಕಿಯನ್ನು ನಾವು ಕಣ್ಣಾರೆ ಕಾಣುತ್ತೇವೆ; ಕಾರಣವನ್ನೂ ಕೇಳಬಹುದು. ಜಾಲತಾಣವನ್ನು ನೋಡಿ, ಬೇಕಾದ ಉತ್ತರ ಸಿಗದೆ ಬೇರೊಬ್ಬ ವರ್ತಕರತ್ತ ಹೋಗುವ ಖರೀದಿದಾರನ ಲೆಕ್ಕ ಯಾವ ಖಾತೆ ಪುಸ್ತಕದಲ್ಲಿಯೂ ಬರುವುದಿಲ್ಲ. ಆದುದರಿಂದ ಈ ನಷ್ಟವನ್ನು ನಾವೇ ಹುಡುಕಿ ಕಂಡುಕೊಳ್ಳಬೇಕಾಗುತ್ತದೆ.

ಮಾಹಿತಿಯ ಕೊರತೆ ಎಂದರೇನು?

ಖರೀದಿದಾರನು ನಿರ್ಧಾರ ಕೈಗೊಳ್ಳುವ ಮೊದಲು ಕೇಳುವ ಪ್ರಶ್ನೆ ಹಾಗೂ ಜಾಲತಾಣ ನೀಡುವ ಉತ್ತರ, ಇವೆರಡರ ನಡುವಿನ ಅಂತರವೇ ಮಾಹಿತಿಯ ಕೊರತೆ. ಪುಟಗಳ ಸಂಖ್ಯೆಗೂ ಇದಕ್ಕೂ ಸಂಬಂಧವಿಲ್ಲ. ಐವತ್ತು ಪುಟಗಳಿದ್ದರೂ ಅಗತ್ಯವಾದ ಒಂದು ಅಂಕಿ ಇಲ್ಲದಿರಬಹುದು. ಐದೇ ಪುಟಗಳಲ್ಲಿ ಎಲ್ಲ ಉತ್ತರಗಳೂ ಇರಬಹುದು.

ವಿಷಯ ಸ್ಪಷ್ಟವಾಗಲೆಂದು ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರ ಜಾಲತಾಣವನ್ನು ಕಲ್ಪಿಸಿಕೊಳ್ಳೋಣ. 'ಉತ್ಕೃಷ್ಟ ದರ್ಜೆಯ, ಕಡುಗೆಂಪು ಬಣ್ಣದ ಮೆಣಸಿನಕಾಯಿ' ಎಂದು ಅಲ್ಲಿ ಬರೆದಿದೆ. ಮಸಾಲೆ ತಯಾರಕರಿಗಾಗಲಿ, ಓಲಿಯೋರೆಸಿನ್ ಘಟಕದ ಖರೀದಿ ಅಧಿಕಾರಿಗಾಗಲಿ ಈ ವಾಕ್ಯದಿಂದ ಯಾವ ಉಪಯೋಗವೂ ಇಲ್ಲ. ಅವರಿಗೆ ಬೇಕಾದ ವಿವರಗಳೇ ಬೇರೆ: ಮಾಲು ಡಬ್ಬಿಯೋ ಕಡ್ಡಿಯೋ? ಆಸ್ಟಾ ಮಾನದಲ್ಲಿ ಬಣ್ಣದ ಅಂಕಿ ಎಷ್ಟು? ತೇವಾಂಶ ಶೇಕಡಾ ಎಷ್ಟು? ತೊಟ್ಟುಸಹಿತವೋ, ತೊಟ್ಟು ತೆಗೆದದ್ದೋ? ಈ ವರ್ಷದ ಹೊಸ ಮಾಲೋ, ಶೀತಲಗೃಹದಲ್ಲಿ ಇರಿಸಿದ್ದ ಹಳೆಯ ಮಾಲೋ? ಒಂದು ಚೀಲದ ತೂಕವೆಷ್ಟು, ಕನಿಷ್ಠ ಎಷ್ಟು ಚೀಲ ಕೊಳ್ಳಬೇಕು? ಪರೀಕ್ಷಾ ವರದಿ ದೊರೆಯುವುದೇ?

ಕೊನೆಯ ಪ್ರಶ್ನೆಗೆ ಒಂದು ಹಿನ್ನೆಲೆಯಿದೆ. 2003ರಲ್ಲಿ ಐರೋಪ್ಯ ಒಕ್ಕೂಟವು ತನ್ನಲ್ಲಿಗೆ ಆಮದಾಗುವ ಮೆಣಸಿನಕಾಯಿ ಹಾಗೂ ಮೆಣಸಿನಪುಡಿಯಲ್ಲಿ ಸೂಡಾನ್-1 ಎಂಬ ಕೃತಕ ಬಣ್ಣ ಇಲ್ಲವೆಂಬುದಕ್ಕೆ ಪರೀಕ್ಷಾ ವರದಿಯನ್ನು ಕಡ್ಡಾಯಗೊಳಿಸಿತು. ಇಂತಹ ವ್ಯವಹಾರದಲ್ಲಿ ವರದಿಯ ಬಗ್ಗೆ ಜಾಲತಾಣವು ಒಂದು ಮಾತನ್ನೂ ಹೇಳದಿದ್ದರೆ, ವರದಿಯೇ ಇಲ್ಲವೆಂದು ಖರೀದಿದಾರನು ಭಾವಿಸಿದರೆ ಆಶ್ಚರ್ಯವಿಲ್ಲ.

ಕೊರತೆಯನ್ನು ಹುಡುಕುವುದು ಎಲ್ಲಿ?

ಮೊದಲನೆಯ ಆಕರ ನಮ್ಮ ಗದ್ದುಗೆಯ ಬಳಿಯೇ ಇದೆ. ಒಂದು ತಿಂಗಳ ಕಾಲ ದೂರವಾಣಿ, ವಾಟ್ಸ್‌ಆ್ಯಪ್ ಹಾಗೂ ಇ-ಮೇಲ್ ಮೂಲಕ ಬರುವ ಪ್ರತಿಯೊಂದು ಪ್ರಶ್ನೆಯನ್ನೂ ಒಂದು ಪುಸ್ತಕದಲ್ಲಿ ಕೇಳಿದವರ ಮಾತಿನಲ್ಲಿಯೇ ಬರೆದಿಡಬೇಕು. ಕರೆ ಸ್ವೀಕರಿಸುವ ಗುಮಾಸ್ತರಿಗೆ ಹಾಗೂ ಮಾರಾಟ ಪ್ರತಿನಿಧಿಗೆ ಈ ಕೆಲಸವನ್ನು ವಹಿಸಬಹುದು. ತಿಂಗಳ ಕೊನೆಯಲ್ಲಿ ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪ್ರತಿಯೊಂದರ ಎದುರು 'ಉತ್ತರ ಇದೆ', 'ಅಪೂರ್ಣ', 'ಇಲ್ಲ' ಎಂದು ಗುರುತು ಹಾಕಿದರೆ ಕೊರತೆಗಳ ಪಟ್ಟಿ ಸಿದ್ಧವಾಗುತ್ತದೆ.

ಎರಡನೆಯದು ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯ. ಜಾಲತಾಣದ ಒಡೆತನವನ್ನು ದೃಢಪಡಿಸಿದವರಿಗೆ, ಜನರು ಯಾವ ಪದಗಳನ್ನು ಹುಡುಕಿದಾಗ ತಮ್ಮ ಪುಟಗಳು ಕಾಣಿಸಿಕೊಂಡವು, ಎಷ್ಟು ಮಂದಿ ಅವುಗಳನ್ನು ತೆರೆದರು ಎಂಬ ವಿವರ ಗರಿಷ್ಠ 16 ತಿಂಗಳ ಅವಧಿಗೆ ಇದರಲ್ಲಿ ದೊರೆಯುತ್ತದೆ. ಒಂದು ಪದಕ್ಕೆ ಪುಟವು ಅನೇಕ ಬಾರಿ ಕಾಣಿಸಿಕೊಂಡರೂ ತೆರೆಯುವವರು ವಿರಳವಾಗಿದ್ದರೆ, ಅದು ಫಲಿತಾಂಶದಲ್ಲಿ ಬಹಳ ಕೆಳಗಿರಬಹುದು ಅಥವಾ ಅದರ ಶೀರ್ಷಿಕೆ ಹುಡುಕುವವರ ಪ್ರಶ್ನೆಗೆ ಹೊಂದದಿರಬಹುದು. ನಿರ್ದಿಷ್ಟ ಸರಕನ್ನು ಹುಡುಕಿದವರಿಗೆ ಮುಖಪುಟವೇ ಮತ್ತೆ ಮತ್ತೆ ಕಾಣಿಸುತ್ತಿದ್ದರೆ, ಆ ಸರಕಿಗೆ ಪ್ರತ್ಯೇಕ ಪುಟದ ಅಗತ್ಯವಿದೆ. ಆದರೆ ಒಂದು ಮಿತಿಯನ್ನು ಮರೆಯಬಾರದು. ನಮ್ಮ ಜಾಲತಾಣವು ಎಂದೂ ಕಾಣಿಸಿಕೊಳ್ಳದ ಪದಗಳು ಈ ವರದಿಯಲ್ಲಿ ಬರುವುದಿಲ್ಲ. ಪೂರ್ತಿಯಾಗಿ ಇಲ್ಲದ ಮಾಹಿತಿಯನ್ನು ಯಂತ್ರವು ತೋರಿಸಲಾರದು. ಅದಕ್ಕೆ ವಿಚಾರಣಾ ಪುಸ್ತಕವೇ ಬೇಕು.

ಮೂರನೆಯದಾಗಿ, ನಮ್ಮ ವ್ಯವಹಾರದ ಪರಿಚಯವಿಲ್ಲದ ಒಬ್ಬರ ಕೈಗೆ ಮೊಬೈಲ್ ಫೋನ್ ನೀಡಿ, 'ತೊಟ್ಟು ತೆಗೆದ ಮಾಲು ಐದು ಚೀಲ ಬೇಕು. ದೊರೆಯುವುದೇ ನೋಡಿ' ಎಂದು ಹೇಳಿ ಸುಮ್ಮನೆ ಗಮನಿಸಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೊರತೆಯಿದೆ.

ಖರೀದಿದಾರನ ಭಾಷೆ

ಮಾಹಿತಿ ಇದ್ದರೂ ಅದು ಮಾರುವವರ ಪದಗಳಲ್ಲಿದ್ದು ಕೊಳ್ಳುವವರ ಪದಗಳಲ್ಲಿ ಇಲ್ಲದಿರಬಹುದು. ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನು ಮಹಾರಾಷ್ಟ್ರದ ಗಿರಾಕಿಗಳು 'ಬೇಡಗಿ ಮಿರ್ಚಿ' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಕಾಗುಣಿತವೇ ಎರಡು ಮೂರು ಬಗೆಯಾಗಿದೆ. ಮುಂಬಯಿ, ಪುಣೆಗಳ ಗಿರಾಕಿಗಳನ್ನು ಅಪೇಕ್ಷಿಸುವವರು ಈ ಹೆಸರುಗಳನ್ನೆಲ್ಲ ಪುಟದ ವಿವರಣೆಯಲ್ಲಿ ಸಹಜವಾಗಿ ಸೇರಿಸಬೇಕು. ಹಾಗೆಯೇ ಊರಿನ ಚಿಲ್ಲರೆ ವ್ಯಾಪಾರಿಗಳಿಗಾಗಿ ಕನ್ನಡದ ಪುಟವೂ ಇರಬೇಕು. ಅನೇಕರು ದರ್ಜೆಪಟ್ಟಿಯನ್ನು ಚಿತ್ರರೂಪದಲ್ಲಿ ಮಾತ್ರ ಹಾಕುತ್ತಾರೆ. ಅದನ್ನು ಅಕ್ಷರರೂಪದಲ್ಲಿಯೂ ನೀಡಿದರೆ ಹುಡುಕುವವರಿಗೆ ಸುಲಭವಾಗಿ ಸಿಗುತ್ತದೆ.

ಕಾನೂನು ಬಯಸುವ ವಿವರಗಳು

ಕೆಲವು ವಿವರಗಳನ್ನು ಬಿಟ್ಟರೆ ಕಾನೂನಿನ ಉಲ್ಲಂಘನೆಯೂ ಆಗುತ್ತದೆ. ಕಂಪನಿ ಕಾಯಿದೆಯಡಿ ನೋಂದಾಯಿತ ಕಂಪನಿಗಳು 2014ರ ನಿಯಮಗಳ ಪ್ರಕಾರ ಜಾಲತಾಣದ ಮುಖಪುಟದಲ್ಲಿಯೇ ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಕಂಪನಿ ಗುರುತು ಸಂಖ್ಯೆ, ದೂರವಾಣಿ, ಇ-ಮೇಲ್ ಹಾಗೂ ಸಂಪರ್ಕಿಸಬೇಕಾದ ವ್ಯಕ್ತಿಯ ಹೆಸರನ್ನು ಪ್ರಕಟಿಸಬೇಕು. ಜಾಲತಾಣದ ಮೂಲಕವೇ ಬಳಕೆದಾರರಿಗೆ ಮಾರಾಟ ಮಾಡುವವರಿಗೆ 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಅನ್ವಯಿಸುತ್ತವೆ. ಕುಂದುಕೊರತೆ ಅಧಿಕಾರಿಯ ವಿವರ, ಸರಕು ಹಿಂದಿರುಗಿಸುವ ಹಾಗೂ ಹಣ ಮರಳಿಸುವ ಷರತ್ತುಗಳು ಇದರಲ್ಲಿ ಸೇರಿವೆ. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಪೊಟ್ಟಣದ ಸರಕನ್ನು ಹೀಗೆ ಮಾರುವವರು ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಮೊದಲಾದವುಗಳನ್ನು ಪರದೆಯ ಮೇಲೆಯೇ ತೋರಿಸಬೇಕಾಗುತ್ತದೆ. ಆಹಾರ ಪದಾರ್ಥಗಳ ವರ್ತಕರು ತಮ್ಮ 14 ಅಂಕಿಗಳ ಎಫ್ಎಸ್ಎಸ್ಎಐ ಪರವಾನಗಿ ಸಂಖ್ಯೆಯನ್ನೂ ಪ್ರಕಟಿಸಿದರೆ ಖರೀದಿದಾರರ ವಿಶ್ವಾಸ ಹೆಚ್ಚುತ್ತದೆ.

ತುಂಬುವ ಕ್ರಮ

ಪಟ್ಟಿಯಲ್ಲಿರುವ ಎಲ್ಲವನ್ನೂ ಒಮ್ಮೆಗೇ ಬರೆಯಹೊರಟರೆ ಕೆಲಸ ನಿಲ್ಲುತ್ತದೆ. ಕಾನೂನು ಬಯಸುವ ವಿವರಗಳು ಮೊದಲು. ಆರ್ಡರಿಗೆ ಅಡ್ಡಿಯಾಗುತ್ತಿರುವ ಪ್ರಶ್ನೆಗಳು ಅನಂತರ. ಬಳಕೆಯ ವಿಧಾನ, ಸಂಗ್ರಹಣೆಯ ಕ್ರಮ ಮೊದಲಾದ ಪೂರಕ ಮಾಹಿತಿ ಕೊನೆಗೆ. ಬರವಣಿಗೆಯನ್ನು ಪೂರ್ತಿಯಾಗಿ ಜಾಲತಾಣ ವಿನ್ಯಾಸಕರಿಗೆ ಬಿಡಬಾರದು. ಅವರಿಗೆ ಪುಟದ ಅಂದ ಗೊತ್ತು. ಡಬ್ಬಿಗೂ ಕಡ್ಡಿಗೂ ಇರುವ ವ್ಯತ್ಯಾಸ ಗೊತ್ತಿರಬೇಕೆಂದಿಲ್ಲ. ಮಾಲಿನ ಅನುಭವವುಳ್ಳವರು ಹೇಳಲಿ, ಬರೆಯಬಲ್ಲವರು ಬರೆಯಲಿ, ಮಾಲೀಕರು ಓದಿ ಒಪ್ಪಿಗೆ ನೀಡಲಿ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇಂದು ನಿಮಿಷದಲ್ಲಿ ಪುಟಗಟ್ಟಲೆ ಬರೆದುಕೊಡುತ್ತವೆ. ಆದರೆ ನಮ್ಮ ಗೋದಾಮಿನ ಮಾಲಿನ ತೇವಾಂಶವಾಗಲಿ, ಸಾಗಣೆಗೆ ತಗಲುವ ದಿನಗಳಾಗಲಿ ಅವುಗಳಿಗೆ ತಿಳಿಯದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಬಣ್ಣದ ಅಂಕಿ, ತೇವಾಂಶಗಳು ಮಾಲಿನಿಂದ ಮಾಲಿಗೆ ಬದಲಾಗುತ್ತವೆ. ಒಮ್ಮೆ ದೊರೆತ ಉತ್ತಮ ವರದಿಯ ಅಂಕಿಯನ್ನು ಶಾಶ್ವತವಾಗಿ ಹಾಕಿದರೆ ಮುಂದೆ ಅದೇ ವಿವಾದಕ್ಕೆ ದಾರಿಯಾದೀತು. ಸಾಮಾನ್ಯವಾಗಿ ದೊರೆಯುವ ಕನಿಷ್ಠ ಹಾಗೂ ಗರಿಷ್ಠ ಮಟ್ಟವನ್ನು ತಿಳಿಸಿ, ಪ್ರತಿ ಲಾಟಿನ ವರದಿಯನ್ನು ಕೋರಿಕೆಯ ಮೇರೆಗೆ ನೀಡಲಾಗುವುದೆಂದು ಬರೆಯುವುದು ಕ್ಷೇಮಕರ. ಎರಡನೆಯದಾಗಿ, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. 1999ರ ಕಾಯಿದೆಯಡಿ ಆ ಗುರುತನ್ನು ಬಳಸುವ ಹಕ್ಕು ನೋಂದಾಯಿತ ಅಧಿಕೃತ ಬಳಕೆದಾರರದು. ಪುಟ ತುಂಬಿಸುವ ಉತ್ಸಾಹದಲ್ಲಿ ನಮಗಿಲ್ಲದ ಹಕ್ಕನ್ನು ಸಾರುವುದು ಸಲ್ಲದು.

ನಿರಂತರ ನಿಗಾ

ಒಮ್ಮೆ ತುಂಬಿದ ಕೊರತೆ ಮತ್ತೆ ತೆರೆದುಕೊಳ್ಳಬಹುದು. ವರ್ಷಾರಂಭದಲ್ಲಿ ಹೊಸ ಮಾಲು ಮಾರುಕಟ್ಟೆಗೆ ಬಂದ ಮೇಲೂ ಹಿಂದಿನ ವರ್ಷದ ವಿವರ ಹಾಗೆಯೇ ಉಳಿದಿದ್ದರೆ, ಅದು ಏನೂ ಇಲ್ಲದಿರುವುದಕ್ಕಿಂತ ಹೆಚ್ಚಿನ ಹಾನಿ ಮಾಡೀತು. ಬದಲಾಗುವ ಪ್ರತಿ ವಿವರದ ಕೆಳಗೆ ದಿನಾಂಕ ಹಾಕಿ, ಮೂರು ತಿಂಗಳಿಗೊಮ್ಮೆ ಪರಿಶೀಲಿಸುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು.

ಮೆಣಸಿನಕಾಯಿಯ ಜಾಗದಲ್ಲಿ ಪಂಪು, ಎರಕದ ಬಿಡಿಭಾಗ, ಸೀರೆ ಅಥವಾ ಗೋಡಂಬಿ ಯಾವುದನ್ನಿಟ್ಟರೂ ಕ್ರಮ ಇದೇ. ಪ್ರಶ್ನೆಗಳು ಮಾತ್ರ ಬೇರೆ. ಇದರ ಪ್ರಾರಂಭಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ದೂರವಾಣಿಯ ಪಕ್ಕದಲ್ಲಿ ಒಂದು ನೋಟುಪುಸ್ತಕ ಹಾಗೂ ಒಂದು ಲೇಖನಿ ಇದ್ದರೆ ಸಾಕು. ಒಂದೇ ಪ್ರಶ್ನೆ ಮೂರನೆಯ ಬಾರಿ ಬಂದ ದಿನ, ಅದರ ಉತ್ತರವು ಜಾಲತಾಣವನ್ನು ಸೇರಬೇಕೆಂಬ ನಿಯಮವನ್ನು ನಮ್ಮ ಸದಸ್ಯರು ಪಾಲಿಸಿ ನೋಡಬಹುದು.